ಲೈವ್ ನೋಡಿದವರು ಅಂಗಡಿ ಮೆಟ್ಟಿಲು ಹತ್ತೋದು ಯಾವಾಗ? ನಿಲಕ್ಕೋಟ್ಟೈ ಪೇಟೆಯ ಒಂದು ಅನುಭವ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಪೀಠಿಕೆ

ನನ್ನ ಧ್ವನಿ ಕೇಳ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಮೊಬೈಲಿನ ಲೈವ್ ಪ್ರಸಾರದಿಂದ ಊರಿನ ಸಣ್ಣ ಅಂಗಡಿಗೆ ಗಿರಾಕಿಗಳನ್ನು ಕರೆತರಬಹುದೇ, ಕರೆತರಬಹುದಾದರೆ ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದು ನನ್ನ ವಿಷಯ.

ನಾನು ಮಾತಾಡುವ ಊರು ನಿಲಕ್ಕೋಟ್ಟೈ. ತಮಿಳುನಾಡಿನ ದಿಂಡುಗಲ್ ಜಿಲ್ಲೆಯ ತಾಲ್ಲೂಕು ಕೇಂದ್ರ. ಕೊಡೈಕೆನಾಲ್‌ಗೆ ರೈಲಿನಲ್ಲಿ ಹೋಗುವವರು ಇಳಿಯುವ ಕೊಡೈ ರೋಡ್ ನಿಲ್ದಾಣ ಇದೇ ತಾಲ್ಲೂಕಿನಲ್ಲಿದೆ. ಊರಿಗೆ ಹೆಸರು ತಂದಿರೋದು ಹೂವಿನ ಮಾರುಕಟ್ಟೆ. ಕನ್ನಡದ ಸಂಕಿರಣದಲ್ಲಿ ಈ ಊರು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ದಿಂಡುಗಲ್, ತೇಣಿ, ಕಂಬಂ ಕಣಿವೆಯ ಭಾಗದಲ್ಲಿ ಮನೆಯೊಳಗೆ ತಲೆಮಾರುಗಳಿಂದ ಕನ್ನಡ ಆಡುವ ಒಕ್ಕಲಿಗರು ಮತ್ತು ದೇವಾಂಗರು ಇದ್ದಾರೆ. ನಾವು ದೇವಾಂಗರು, ಮಗ್ಗದವರು. ನನ್ನ ತಾಯಿಯ ತವರು ಸುಂಗುಡಿ ಸೀರೆಗೆ ಹೆಸರಾದ ಚಿನ್ನಾಳಪಟ್ಟಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಕನ್ನಡ ಅಕ್ಷರ ನಾನು ಕಲಿತದ್ದು ಕಾಲೇಜಿಗೆ ಬಂದ ಮೇಲೆ.

ನನ್ನ ಸೋದರಮಾವನಿಗೆ ನಿಲಕ್ಕೋಟ್ಟೈ ಪೇಟೆಯಲ್ಲಿ ಒಂದು ಸೀರೆ ಅಂಗಡಿ ಇದೆ. ಮದುವೆ ಬಟ್ಟೆಗೆ ಜನ ಈಗ ದಿಂಡುಗಲ್ ಇಲ್ಲವೇ ಮದುರೈಯ ಬಹುಮಹಡಿ ಜವಳಿ ಮಳಿಗೆಗಳಿಗೆ ಹೋಗ್ತಾರೆ. ಮಾವನ ಬಾಡಿಗೆ ಕರಾರು ಮುಗಿಯುತ್ತಾ ಬಂದಿತ್ತು. ಮುಂದುವರಿಸೋದೋ, ಬಾಗಿಲು ಹಾಕೋದೋ ಅನ್ನೋ ಮಾತು ಮನೆಯಲ್ಲಿ ನಡೀತಿರುವಾಗಲೇ ಅವರು ಲೈವ್ ಶುರು ಮಾಡಿದ್ದು. ಆಮೇಲೆ ನಾನು ರಜೆಯಲ್ಲಿ ಅಲ್ಲಿ ಕೂತು ನೋಡಿದ್ದನ್ನೇ ಇಲ್ಲಿ ಮಂಡಿಸ್ತಿದ್ದೇನೆ. ಇದು ಒಂದೇ ಅಂಗಡಿಯ ಅನುಭವ. ಹಾಗಾಗಿ ಶೇಕಡಾ ಲೆಕ್ಕ ಕೊಡುವುದಿಲ್ಲ.

ಲೈವ್ ಮಾರಾಟದ ಹಿನ್ನೆಲೆ

2016 ಈ ವಿಷಯದಲ್ಲಿ ಮುಖ್ಯವಾದ ವರ್ಷ. ಆ ವರ್ಷದ ಏಪ್ರಿಲ್‌ನಲ್ಲಿ ಫೇಸ್‌ಬುಕ್ ತನ್ನ ಲೈವ್ ಸೌಲಭ್ಯವನ್ನು ಎಲ್ಲರಿಗೂ ತೆರೆಯಿತು. ಅದೇ ವರ್ಷ ಚೀನಾದಲ್ಲಿ ಅಲಿಬಾಬಾದ ತಾವೋಬಾವೋ ಲೈವ್ ಬಂತು. ನಮ್ಮ ದೇಶದಲ್ಲಿ ಯುಪಿಐ ಶುರುವಾಗಿದ್ದು ಅದೇ ವರ್ಷ. ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಕ್ಯಾಮೆರಾ, ಡೇಟಾ, ಹಣ ಪಾವತಿ ಮೂರೂ ಒಂದೇ ಫೋನಿನಲ್ಲಿ ಸೇರಿದ್ದರಿಂದ ಸಣ್ಣ ಅಂಗಡಿಯವನಿಗೂ ಇದು ಕೈಗೆಟುಕಿತು.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಚೀನಾದ ಮಾದರಿಯಲ್ಲಿ ನೋಡೋದು, ಕೊಳ್ಳೋದು, ಹಣ ಕಟ್ಟೋದು ಎಲ್ಲಾ ಒಂದೇ ತೆರೆಯಲ್ಲಿ ಮುಗಿಯುತ್ತದೆ. ಆ ದಾರಿಯನ್ನು ಬೇರೆಯವರೂ ಪ್ರಯತ್ನಿಸಿದರು, ಎಲ್ಲರಿಗೂ ಕೂಡಿಬರಲಿಲ್ಲ. ಫೇಸ್‌ಬುಕ್ ತನ್ನ ಲೈವ್ ಶಾಪಿಂಗ್ ಸೌಲಭ್ಯವನ್ನು 2022ರ ಅಕ್ಟೋಬರ್ 1ಕ್ಕೆ ನಿಲ್ಲಿಸಿತು. ಇನ್‌ಸ್ಟಾಗ್ರಾಂ 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಲೈವ್ ಪ್ರಸಾರ ಉಳಿಯಿತು, ಅದರೊಳಗಿದ್ದ ಅಂಗಡಿ ಹೋಯಿತು. ಊರಿನ ಅಂಗಡಿಗೆ ಬೇಕಾಗಿರೋದು ಬೇರೆಯೇ. ತೆರೆ ನೋಡಿದವರು ಎದ್ದು, ಬಸ್ಸು ಹತ್ತಿ, ಮೆಟ್ಟಿಲ ತನಕ ಬರಬೇಕು. ಇದಕ್ಕೆ ಚೀನಾದ ಮಾದರಿ ನೇರವಾಗಿ ಉತ್ತರ ಕೊಡೋದಿಲ್ಲ.

ಮೊದಲ ಹಂತ: ನೋಡುವವರು ಜಾಸ್ತಿ, ಬರುವವರು ಇಲ್ಲ

ಮಾವ ಮೊದಲು ಮಾಡಿದ್ದು ಎಲ್ಲರೂ ಮಾಡೋ ಹಾಗೆಯೇ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಒಂದೊಂದೇ ಸೀರೆ ಬಿಚ್ಚಿ ತೋರಿಸಿ ರೇಟು ಹೇಳೋರು. ನೋಡುವವರು ಬಂದರು, ಚೆನ್ನೈಯಿಂದ, ಕೊಯಮತ್ತೂರಿನಿಂದ, ಮಲೇಷ್ಯಾದಿಂದಲೂ. ನಿಲಕ್ಕೋಟ್ಟೈಯವರು ಮಾತ್ರ ಕಾಣಲಿಲ್ಲ.

ಇದಕ್ಕೆ ಕಾರಣ ಇದೆ. ಜಾಲತಾಣಗಳು ಲೈವ್ ಅನ್ನು ಮುಖ್ಯವಾಗಿ ಆಸಕ್ತಿ ನೋಡಿ ಹಂಚುತ್ತವೆ. ಸೀರೆ ವಿಡಿಯೋ ಜಾಸ್ತಿ ನೋಡುವವರಿಗೆ ಸೀರೆ ಲೈವ್ ಹೋಗುತ್ತದೆ, ಅವರು ಎಲ್ಲಿದ್ದರೂ ಸರಿ. ಅಂಗಡಿ ಸುತ್ತ ಇಷ್ಟು ಕಿಲೋಮೀಟರ್ ಒಳಗಿನವರಿಗೇ ತೋರಿಸು ಅನ್ನಬೇಕಾದರೆ ಜಾಹೀರಾತಿಗೆ ದುಡ್ಡು ಕಟ್ಟಬೇಕು.

ಆಗ ಅಂಗಡಿ ನಿಧಾನಕ್ಕೆ ಪಾರ್ಸೆಲ್ ಗೋಡೌನ್ ಆಯಿತು. ಅತ್ತೆ ದಿನವಿಡೀ ವಿಳಾಸ ಬರೆಯೋದು, ಟೇಪು ಅಂಟಿಸೋದು. ವ್ಯಾಪಾರ ಆಯ್ತಲ್ಲ ಅಂತ ಅನ್ನಿಸಬಹುದು. ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳೋಣ. ₹600ರ ಸೀರೆಯಲ್ಲಿ ₹100 ಲಾಭ ಅಂದುಕೊಳ್ಳಿ. ಕೊರಿಯರ್ ಉಚಿತ ಅಂತ ಹೇಳಿ ₹70 ಕೈಯಿಂದ ಹಾಕಿದರೆ ಉಳಿಯೋದು ₹30. ಬಣ್ಣ ಬೇರೆ ಅಂತ ಒಂದು ಸೀರೆ ವಾಪಸ್ ಬಂದು, ಹೋಗಿ ಬರುವ ಖರ್ಚು ₹140 ಮೈಮೇಲೆ ಬಿದ್ದರೆ, ನಾಲ್ಕು ಸೀರೆ ಮಾರಿದ ಲಾಭ ಹೋಗಿ ಮೇಲೆ ನಷ್ಟ. ಅದೇ ಒಬ್ಬರು ಅಂಗಡಿಗೆ ಬಂದರೆ ಸೀರೆ ಜೊತೆ ಬ್ಲೌಸ್ ಪೀಸು, ಫಾಲು, ಲಂಗ ತಗೋತಾರೆ. ಜೊತೆಗೆ ಬಂದ ತಂಗಿಯೋ ನಾದಿನಿಯೋ ಇನ್ನೊಂದು ನೋಡ್ತಾರೆ. ದೊಡ್ಡ ವ್ಯಾಪಾರಿ ಪಾರ್ಸೆಲ್ ಖರ್ಚನ್ನು ಸಾವಿರಾರು ಸೀರೆಗೆ ಹಂಚಿಕೊಳ್ತಾನೆ. ನಮಗೆ ಅದು ಆಗೋದಿಲ್ಲ.

ಕಾಮೆಂಟುಗಳನ್ನು ಓದಿದಾಗ

ಹಳೆಯ ಲೈವ್‌ಗಳ ಕಾಮೆಂಟುಗಳನ್ನು ನಾನು ಕೂತು ಓದಿದೆ. ಅವು ಮುಖ್ಯವಾಗಿ ಮೂರು ಬಗೆ. ಒಂದು, ರೇಟು ಎಷ್ಟು. ಎರಡು, "ಅಣ್ಣಾ, ಅಂದ ಪಚ್ಚೆ ಕಲರ್ ಕಾಟ್ಟುಂಗ", ಅಂದರೆ ಆ ಹಸಿರು ಸೀರೆ ಇನ್ನೊಮ್ಮೆ ತೋರಿಸಿ. ಮೂರು, "ಕಡೈ ಎಂಗ ಇರುಕ್ಕು?", ಅಂಗಡಿ ಎಲ್ಲಿದೆ?

ಮಾವ ಮೊದಲೆರಡಕ್ಕೂ ತಪ್ಪದೆ ಉತ್ತರ ಕೊಡ್ತಿದ್ದರು. ಮೂರನೆಯದು ಎಷ್ಟೋ ಸಲ ಹಾಗೇ ಮೇಲಕ್ಕೆ ಸರಿದು ಹೋಗಿತ್ತು. ಕೇಳಿದ್ದಕ್ಕೆ, "ಬೋರ್ಡಿನಲ್ಲಿ ಬರ್ದಿದೆಯಲ್ಲಪ್ಪ" ಅಂದರು. ಬೋರ್ಡು ಇರೋದು ಬೀದಿಯಲ್ಲಿ, ಕ್ಯಾಮೆರಾ ಇರೋದು ಒಳಗೆ. ಎದ್ದು ಬರಲು ಮನಸ್ಸಿದ್ದವರು ಕೇಳುವ ಪ್ರಶ್ನೆ ಅದೊಂದೇ. ಅದಕ್ಕೇ ಉತ್ತರ ಇರಲಿಲ್ಲ. ನನ್ನ ಅಧ್ಯಯನ ನಿಜವಾಗಿ ಶುರುವಾದದ್ದು ಇಲ್ಲಿಂದ.

ಮಲ್ಲಿಗೆಯ ದರ

ಮಾವನ ಅಂಗಡಿ ಮುಂದೆ ಒಬ್ಬ ಅಕ್ಕ ಹೂ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರ್ತಾರೆ. ಒಂದು ದಿನ ಮಧ್ಯಾಹ್ನ ಲೈವ್ ನಡೀತಿರುವಾಗ ಮಾವ ಕ್ಯಾಮೆರಾ ಆಚೆ ತಿರುಗಿಸಿ, "ಅಕ್ಕಾ, ಇವತ್ತು ಮಲ್ಲಿಗೆ ಎಷ್ಟು?" ಅಂತ ಸುಮ್ಮನೆ ಕೇಳಿದರು. ಕಾಮೆಂಟಿನಲ್ಲಿ ಒಮ್ಮೆಲೇ ಬೇರೆ ಜನ ಕಾಣಿಸಿಕೊಂಡರು. ನಾಳೆ ಮುಹೂರ್ತ ಇದೆಯಾ, ಸಾಯಂಕಾಲಕ್ಕೆ ಇಳಿಯುತ್ತಾ ಅಂತ ಕೇಳುವವರು. ಸುತ್ತಮುತ್ತಲ ಹಳ್ಳಿಯವರು.

ಇದು ಯಾಕೆ ಹೀಗಾಯಿತು ಅಂತ ಯೋಚಿಸೋಣ. ಮಲ್ಲಿಗೆಯ ದರ ದಿನಕ್ಕೊಂದು. ಮುಹೂರ್ತದ ಹಿಂದಿನ ದಿನ ಏರುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಮೊಗ್ಗು ಕಡಿಮೆಯಾಗಿ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಆಗುವುದುಂಟು. ಕಟ್ಟಿದ ಹೂ ಮರುದಿನಕ್ಕೆ ಬಾಡುತ್ತದೆ. ಹಾಗಾಗಿ ನಮ್ಮ ಪೇಟೆಯ ಇವತ್ತಿನ ಮೊಳದ ದರ ಮಲೇಷ್ಯಾದಲ್ಲಿ ಇರುವವರಿಗೆ ಬೇಕಾಗಿಲ್ಲ. ಸಾಯಂಕಾಲ ಪೇಟೆಗೆ ಬರಬಲ್ಲವರಿಗೆ ಮಾತ್ರ ಬೇಕು. ಜಾಲತಾಣ ದುಡ್ಡು ಕೇಳಿ ಮಾಡುವ ಜರಡಿ ಕೆಲಸವನ್ನು ಮಲ್ಲಿಗೆ ದರ ಪುಕ್ಕಟೆ ಮಾಡಿತು.

ನನ್ನ ಮುಖ್ಯ ವಾದ ಇದು: ಊರಿನ ಅಂಗಡಿಯ ಲೈವ್ ತನ್ನ ಸರಕಿನಿಂದ ಶುರುವಾಗಬಾರದು, ಆ ಊರಿನವರಿಗೆ ಮಾತ್ರ ಬೇಕಾದ ಆ ದಿನದ ಸಂಗತಿಯಿಂದ ಶುರುವಾಗಬೇಕು. ಸರಕು ಆಮೇಲೆ.

ಮಾಡಿದ ಬದಲಾವಣೆಗಳು

ಒಂದು, ಸಮಯ. ರಾತ್ರಿ ಲೈವ್ ನೋಡಿದವರು ಬರಬೇಕಾದರೆ ಮರುದಿನದ ತನಕ ಕಾಯಬೇಕು, ಅಷ್ಟರಲ್ಲಿ ಮರೆತಿರ್ತಾರೆ. ಈಗ ಮಧ್ಯಾಹ್ನ ಮೂರಕ್ಕೆ ಲೈವ್. ಮನೆಕೆಲಸ ಮುಗಿದಿರುತ್ತೆ, ಸಾಯಂಕಾಲದ ಬಸ್ಸಿಗೆ ಇನ್ನೂ ಹೊತ್ತಿರುತ್ತೆ.

ಎರಡು, ಮೊದಲ ಎರಡು ನಿಮಿಷ ಬೀದಿಯಲ್ಲಿ. ಮಲ್ಲಿಗೆ, ಕನಕಾಂಬರದ ದರ ಹೇಳಿ, ಬಸ್ ನಿಲ್ದಾಣದ ಕಡೆಯಿಂದ ನಡೆದುಕೊಂಡೇ ಅಂಗಡಿಗೆ ಬರೋದು. ದಾರಿಯನ್ನು ನಡೆದು ತೋರಿಸಿದ ಹಾಗಾಯಿತು. ಗೂಗಲ್ ಮ್ಯಾಪಿನ ಕೊಂಡಿಯನ್ನು ಕಾಮೆಂಟಿನಲ್ಲಿ ಮೊದಲೇ ಪಿನ್ ಮಾಡಿಡೋದು.

ಮೂರು, ಎತ್ತಿಡೋದು. ಲೈವ್‌ನಲ್ಲಿ ಮೆಚ್ಚಿದ ಸೀರೆಯನ್ನು ಅವರ ಹೆಸರು ಬರೆದು ರಾತ್ರಿ ಎಂಟರ ತನಕ ಎತ್ತಿಡ್ತಾರೆ. ಮುಂಗಡ ಇಲ್ಲ. ಬಂದು ನೋಡಿ ಬೇಡ ಅಂದರೂ ಬೇಸರ ಇಲ್ಲ.

ನಾಲ್ಕು, ಮುಟ್ಟಿ ನೋಡಬೇಕಾದ್ದನ್ನೇ ತೋರಿಸೋದು. ಗಂಟು ಕಟ್ಟಿ ಬಣ್ಣ ಹಾಕಿದ ಸುಂಗುಡಿಯಲ್ಲಿ ಗಂಟು ಬಿಚ್ಚಿದ ಮೇಲೂ ಬಟ್ಟೆ ಮೇಲೆ ಸಣ್ಣ ಉಬ್ಬು ಉಳಿದಿರುತ್ತದೆ. ಅಚ್ಚು ಹಾಕಿದ್ದರಲ್ಲಿ ಅದು ಇರೋದಿಲ್ಲ. ಮಾವ ಎರಡನ್ನೂ ಪಕ್ಕಪಕ್ಕ ಹಿಡಿದು, "ಇದು ಪ್ರಿಂಟು, ಇದಕ್ಕೆ ಈ ರೇಟು. ಇದು ಗಂಟು ಕಟ್ಟಿದ್ದು, ಇದಕ್ಕೆ ಈ ರೇಟು. ವ್ಯತ್ಯಾಸ ಕ್ಯಾಮೆರಾದಲ್ಲಿ ಗೊತ್ತಾಗಲ್ಲ, ಬಂದು ಬೆರಳಲ್ಲಿ ಸವರಿ ನೋಡಿ" ಅಂತ ತಮಿಳಿನಲ್ಲಿ ಹೇಳ್ತಾರೆ. ಬರೋದಕ್ಕೆ ಇದೊಂದು ನಿಜವಾದ ಕಾರಣ.

ಐದು, ವಾಟ್ಸಾಪ್. ಅಂಗಡಿಗೆ ಬಂದವರ ಒಪ್ಪಿಗೆ ಕೇಳಿ ನಂಬರ್ ತಗೊಂಡು, ಲೈವ್‌ಗೆ ಅರ್ಧ ಗಂಟೆ ಮೊದಲು ಬ್ರಾಡ್‌ಕಾಸ್ಟ್ ಕಳಿಸ್ತಾರೆ. ಒಂದು ಪಟ್ಟಿಯಲ್ಲಿ 256 ಜನರ ಮಿತಿ ಇದೆ. ಅಂಗಡಿಯ ನಂಬರನ್ನು ಅವರೂ ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ತಲುಪುತ್ತದೆ. ಹಾಗಾಗಿ ಅತ್ತೆ ಬಿಲ್ಲು ಕೊಡುವಾಗಲೇ "ನಮ್ ನಂಬರ್ ಹಾಕ್ಕೊಳ್ಳಿ" ಅಂತ ಎದುರಿಗೇ ಸೇವ್ ಮಾಡಿಸ್ತಾರೆ.

ಆರು, ಲೆಕ್ಕ. "ಮಲ್ಲಿಗೆ ನೋಡಿ ಬಂದೆ" ಅಂದವರಿಗೆ ಹಳೇ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ಮೊದಲ ಗೆರೆ ಬಿದ್ದ ದಿನ ಇಬ್ಬರು ಹೆಂಗಸರು ಫೋನಿನಲ್ಲಿ ಸ್ಕ್ರೀನ್‌ಶಾಟ್ ಹಿಡಿದು ಬಂದರು. ಎತ್ತಿಟ್ಟಿದ್ದ ಸೀರೆ ಬೇಡ ಅಂದು, ಪಕ್ಕದಲ್ಲಿದ್ದ ಬೇರೆ ಎರಡು ತಗೊಂಡರು. ಹೋಗುವಾಗ ಹೂವಿನ ಅಕ್ಕನ ಹತ್ತಿರ ನಿಂತರು.

ಇನ್ನೊಂದು ಸಂಗತಿ ಹೇಳಲೇಬೇಕು. ಮಾವ ಲೈವ್ ಮಧ್ಯೆ ಅತ್ತೆಗೆ ಕನ್ನಡದಲ್ಲಿ ಏನೋ ಕೂಗಿ ಹೇಳಿದ್ದನ್ನು ಕೇಳಿ ತೇಣಿ ಕಡೆಯ ಒಂದು ಕುಟುಂಬ, "ನೀವು ಕನ್ನಡದವರಾ?" ಅಂತ ತಮಿಳು ಅಕ್ಷರದಲ್ಲೇ ಕನ್ನಡ ಬರೆದು ಕೇಳಿತು. ಪೆರಿಯಕುಳಂ, ವತ್ತಲಗುಂಡು ದಾಟಿ ಮದುವೆ ಸೀರೆಗೆ ಬಂದರು. ದೂರ ಅಂದರೆ ಬರೀ ಕಿಲೋಮೀಟರ್ ಅಲ್ಲ ಅಂತ ನನಗೆ ಆವತ್ತು ಅನ್ನಿಸಿತು. ಒಂದೇ ಕುಟುಂಬದ ಮಾತಿದು, ಇದರಿಂದ ಸಿದ್ಧಾಂತ ಕಟ್ಟೋದು ಬೇಡ.

ಮಿತಿಗಳು

ಜಾಲತಾಣ ನಮ್ಮ ಸ್ವಂತ ಜಾಗ ಅಲ್ಲ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದನ್ನೇ ನಂಬಿದವರು ಎಲ್ಲಾ ಕಳೆದುಕೊಂಡರು. ಇನ್‌ಸ್ಟಾಗ್ರಾಂನಲ್ಲಿ 2025ರ ಆಗಸ್ಟ್‌ನಿಂದ ಲೈವ್ ಮಾಡಲು 1000 ಫಾಲೋವರ್‌ಗಳು ಬೇಕು. ಹೊಸದಾಗಿ ಶುರು ಮಾಡುವ ಹಳ್ಳಿ ಅಂಗಡಿಗೆ ಇದು ದೊಡ್ಡ ತಡೆ. ಯೂಟ್ಯೂಬ್‌ನಲ್ಲಿ ಮೊಬೈಲಿನಿಂದ ಲೈವ್‌ಗೆ 50 ಚಂದಾದಾರರು ಸಾಕು. ನಿಯಮ ನಾಳೆ ಬದಲಾಗಬಹುದು. ಅದಕ್ಕೇ ಗಿರಾಕಿಗಳ ನಂಬರ್ ಇರುವ ಪಟ್ಟಿ ಅಂಗಡಿಯ ಕೈಯಲ್ಲೇ ಇರಬೇಕು.

ಹಿನ್ನೆಲೆಯಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಲೈವ್ ನಿಲ್ಲಬಹುದು. ಸೀರೆ ಮೈಮೇಲೆ ಹಾಕಿ ನೋಡುವ ಹೆಂಗಸರು ಕ್ಯಾಮೆರಾಕ್ಕೆ ಸಿಗಬಾರದು. ಲೈವ್ ನಡೀತಿದೆ ಅಂತ ಬಾಗಿಲಲ್ಲೇ ಬರೆದು ಹಾಕಿದ್ದೇವೆ.

ಸಂವಾದ

ಪ್ರಶ್ನೆ (ಒಬ್ಬ ಸಹಪಾಠಿ): ಎಲ್ಲಾ ಊರಲ್ಲೂ ಮಲ್ಲಿಗೆ ಇರಲ್ಲವಲ್ಲ?

ಉತ್ತರ: ಮಲ್ಲಿಗೆಯೇ ಬೇಕಾಗಿಲ್ಲ. ದಿನಾ ಬದಲಾಗುವ, ಹತ್ತಿರದವರಿಗೆ ಮಾತ್ರ ಬೇಕಾಗುವ ಯಾವುದಾದರೂ ಆಗುತ್ತೆ. ಕೋಲಾರದಲ್ಲಿ ಟೊಮ್ಯಾಟೊ ದರ, ಮಲ್ಪೆಯಲ್ಲಿ ಇವತ್ತು ಬಂದ ಮೀನು, ರಾಮನಗರದಲ್ಲಿ ರೇಷ್ಮೆಗೂಡಿನ ದರ. ನಿಮ್ಮೂರಿನವರು ಬೆಳಿಗ್ಗೆ ಎದ್ದು ಪಕ್ಕದ ಮನೆಯವರನ್ನು ಏನು ಕೇಳ್ತಾರೆ, ಅದನ್ನು ಹುಡುಕಿ.

ಪ್ರಶ್ನೆ (ಅಧ್ಯಾಪಕರೊಬ್ಬರು): ಹೂವಿನ ಅಕ್ಕನಿಗೆ ಇದರಿಂದ ಏನು ಸಿಕ್ಕಿತು?

ಉತ್ತರ: ಇದು ನನ್ನನ್ನೂ ಕಾಡಿದ ಪ್ರಶ್ನೆ. ಜನರನ್ನು ಕರೆದದ್ದು ಅವರ ಹೂವು, ಹೆಸರು ಮಾವನ ಅಂಗಡಿಯದ್ದು. ಈಗ ಲೈವ್‌ನಲ್ಲಿ ಅವರ ಯುಪಿಐ ಕೋಡನ್ನೂ ತೋರಿಸ್ತೇವೆ, ಸೀರೆ ಎತ್ತಿಟ್ಟ ಹಾಗೆ ಹೂವನ್ನೂ ಎತ್ತಿಡ್ತಾರೆ. ಆದರೆ ಹೂವಿಗೆ ಎತ್ತಿಡೋದು ಅಪಾಯ. ಬರ್ತೀನಿ ಅಂದವರು ಬರದಿದ್ದರೆ ಸೀರೆ ಬೀರುವಿಗೆ ಹೋಗುತ್ತೆ, ಹೂ ಕಸಕ್ಕೆ ಹೋಗುತ್ತೆ. ಅದಕ್ಕೆ ಹೂವಿಗೆ ಮಾತ್ರ ಮೊದಲೇ ಹಣ ಕಳಿಸಬೇಕು ಅಂತ ಅವರೇ ನಿಯಮ ಮಾಡಿದ್ದಾರೆ.

ಸಮಾರೋಪ

ಈಗ ನೋಡುವವರ ಸಂಖ್ಯೆ ಮೊದಲಿಗಿಂತ ಕಡಿಮೆ. ಮಲೇಷ್ಯಾದವರು ಇಲ್ಲ. ಮೊದಮೊದಲು ಮಾವನಿಗೆ ಇದು ಬೇಜಾರಾಗಿತ್ತು. ಈಗ ಅವರು ತೆರೆಯ ಮೇಲಿನ ಸಂಖ್ಯೆ ನೋಡೋದು ಬಿಟ್ಟು ನೋಟ್‌ಬುಕ್ಕಿನ ಗೆರೆ ಎಣಿಸ್ತಾರೆ. ಬಾಡಿಗೆ ಕರಾರನ್ನು ಇನ್ನು ಹನ್ನೊಂದು ತಿಂಗಳಿಗೆ ಬರೆಸಿದ್ದಾರೆ. ಅಂಗಡಿ ಉಳಿಯಿತು ಅಂತ ನಾನು ಹೇಳೋದಿಲ್ಲ. ಒಂದು ಮದುವೆ ಸೀಸನ್ ನೋಡಿಯೇ ಹೇಳಬೇಕು.

ಮಧ್ಯಾಹ್ನ ಮೂರು ಆಗ್ತಾ ಬಂತು, ಮಾವನ ಲೈವ್ ಶುರುವಾಗುತ್ತೆ. ನಾನು ಹೋಗಿ ಫೋನ್ ಹಿಡೀಬೇಕು.