ಪರದೇಶದಲ್ಲಿ ಇಂಗ್ಲಿಷ್ ಮೇಷ್ಟ್ರು: ಕೇಳಿದ್ದೇನು, ಇರುವುದೇನು

ಊರು ಬಿಟ್ಟು ದುಡಿಯಲು ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಜನ ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಹಾಗೆ ಗುಳೆ ಹೋದವರ ಮಕ್ಕಳು ಈಗ ಬಿ.ಎಡ್., ಇಂಗ್ಲಿಷ್ ಎಂ.ಎ. ಮುಗಿಸಿ ಅತಿಥಿ ಶಿಕ್ಷಕರಾಗಿದ್ದಾರೆ, ಟಿಇಟಿ ಪಾಸಾಗಿ ನೇಮಕಾತಿಗೆ ಕಾಯುತ್ತಿದ್ದಾರೆ. ‘ಹೊರದೇಶದಲ್ಲಿ ಇಂಗ್ಲಿಷ್ ಕಲಿಸೋ ಕೆಲಸ ಸಿಗುತ್ತಂತೆ’ ಎಂಬ ಮಾತು ಅವರ ಮೊಬೈಲಿಗೂ ಬಂದಿದೆ. ಆ ‘ಅಂತೆ’ಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ.

‘ಬಿಳಿಯರಿಗೆ ಮಾತ್ರ ಕೆಲಸ, ನಮ್ಮನ್ನು ಯಾರು ಕರೀತಾರೆ?’

ಕೆಲವು ದೇಶಗಳ ಬಾಗಿಲು ನಮಗೆ ಮುಚ್ಚಿರುವುದು ನಿಜ. ದಕ್ಷಿಣ ಕೊರಿಯಾ ತನ್ನ ಸಾಮಾನ್ಯ ಇಂಗ್ಲಿಷ್ ಶಿಕ್ಷಕ ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ 7 ದೇಶಗಳ ಪ್ರಜೆಗಳಿಗೆ ಮೀಸಲಿಟ್ಟಿದೆ. ಚೀನಾ ಕೂಡ ಸಾಮಾನ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶದವರನ್ನೇ ಕೇಳುತ್ತದೆ. ಅಲ್ಲಿ ನೋಡುವುದು ಪಾಸ್‌ಪೋರ್ಟನ್ನು, ನಿಮ್ಮ ಉಚ್ಚಾರಣೆ ಎಷ್ಟೇ ಸ್ವಚ್ಛವಿರಲಿ.

ಆದರೆ ಅದೇ ಕೊರಿಯಾ ಭಾರತದೊಂದಿಗೆ ಮಾಡಿಕೊಂಡ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ. ಶಿಕ್ಷಕ ಅರ್ಹತೆ ಇರುವ ಭಾರತೀಯ ಪದವೀಧರರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಅದರಲ್ಲಿ ಅವಕಾಶವಿದೆ. ಕಿರಿದಾದ ದಾರಿ, ಆದರೂ ದಾರಿಯೇ. ನಮ್ಮ ಕಡೆಯ ಬಿ.ಎಡ್. ಪದವೀಧರರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಎಂದು ಯೋಚಿಸಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಭಾರತೀಯ ಮೇಷ್ಟ್ರುಗಳು ಸಮುದ್ರ ದಾಟಿದ್ದು ಇಂದು ನಿನ್ನೆಯಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದ ಇಥಿಯೋಪಿಯಾದ ಶಾಲೆಗಳಲ್ಲಿ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಪಾಠ ಮಾಡಿದರು. ಅವರಲ್ಲಿ ಕೇರಳದವರೇ ಹೆಚ್ಚು. ಇವತ್ತು ಮಾಲ್ಡೀವ್ಸ್‌ನಲ್ಲಿ ಅದೇ ಕಥೆ. ಮಕ್ಕಳ ಮನೆಮಾತು ದಿವೇಹಿ, ಶಾಲೆಯ ಮಾಧ್ಯಮ ಇಂಗ್ಲಿಷ್, ಕಲಿಸುವವರಲ್ಲಿ ಬಹಳ ಮಂದಿ ಭಾರತದವರು. ಜನವಸತಿ ಇರುವ ದ್ವೀಪಗಳು ಇನ್ನೂರರ ಆಸುಪಾಸು. ಕೆಲಸ ಸಿಕ್ಕರೆ ರಾಜಧಾನಿ ಮಾಲೆಯಲ್ಲೇ ಇರುತ್ತೀರೆಂದು ತಿಳಿಯಬೇಡಿ. ಕೂಡ್ಲಿಗಿಯ ಒಂದು ಹಳ್ಳಿಯಷ್ಟೂ ಜನರಿಲ್ಲದ ದ್ವೀಪದಲ್ಲಿ ಒಬ್ಬರೇ ಇರಬೇಕಾದೀತು. ಕೊಲ್ಲಿ ದೇಶಗಳಲ್ಲಿ ಸಿಬಿಎಸ್ಇ ಪಠ್ಯದ ಭಾರತೀಯ ಶಾಲೆಗಳಿವೆ. ಅಲ್ಲಿ ಬಿ.ಎಡ್. ಮತ್ತು ಅನುಭವ, ಎರಡನ್ನೂ ಕೇಳುತ್ತಾರೆ.

‘ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫಲ್ ಕೋರ್ಸ್ ಮುಗಿಸಿದರೆ ಸಾಕು’

ಟೆಫಲ್ ಎಂಬುದು ಒಂದು ವಿಶ್ವವಿದ್ಯಾಲಯದ ಪದವಿಯ ಹೆಸರಲ್ಲ. ‘ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವುದು’ ಎಂಬುದರ ಚುಟುಕು ರೂಪ, ಅಷ್ಟೇ. ಯಾರು ಬೇಕಾದರೂ ಆ ಹೆಸರಿನ ಕೋರ್ಸ್ ಮಾರಬಹುದು. ಕೇಂಬ್ರಿಜ್‌ನ ‘ಸೆಲ್ಟಾ’ ಕೋರ್ಸಿಗೆ ಬೆಲೆ ಬಂದಿರುವುದು ನಿಜವಾದ ವಿದ್ಯಾರ್ಥಿಗಳ ಮುಂದೆ, ನೋಡಿ ತಿದ್ದುವವರ ಎದುರು, 6 ಗಂಟೆ ಪಾಠ ಮಾಡಲೇಬೇಕೆಂಬ ನಿಯಮದಿಂದ. ವಿಡಿಯೊ ನೋಡಿ ಪ್ರಶ್ನೆಗೆ ಟಿಕ್ ಹಾಕಿದ್ದಕ್ಕೆ ಸಿಗುವ ಹಾಳೆಗೆ ಆ ತೂಕ ಬರುವುದಿಲ್ಲ.

ದುಡ್ಡು ಸುರಿಯುವ ಮೊದಲು ಮನೆ ಹತ್ತಿರದ್ದನ್ನು ನೋಡಿ. ದಕ್ಷಿಣ ಭಾರತದ ಶಿಕ್ಷಕರಿಗಾಗಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿಯಲ್ಲಿದೆ. ಹೈದರಾಬಾದಿನಲ್ಲಿ 1958ರಲ್ಲಿ ಹುಟ್ಟಿದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಇಂದು ವಿಶ್ವವಿದ್ಯಾಲಯವಾಗಿದ್ದು, ಇಂಗ್ಲಿಷ್ ಬೋಧನೆಯಲ್ಲೇ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿ. ಕೃ. ಗೋಕಾಕರು. ಹೊರದೇಶದವರೇ ಇಂಗ್ಲಿಷ್ ಕಲಿಯಲು ಅಲ್ಲಿಗೆ ಬರುತ್ತಾರೆ.

‘ಟೂರಿಸ್ಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸಿಕೊಂಡರಾಯ್ತು’

ಬೇಡ. ಕೆಲಸದ ಪರವಾನಗಿ ಇಲ್ಲದೆ ಪಾಠ ಮಾಡಿದರೆ ಸಂಬಳ ಕೊಡದಿದ್ದರೂ ಕೇಳುವುದು ಕಷ್ಟ, ಸಿಕ್ಕಿಬಿದ್ದರೆ ಗಡೀಪಾರು.

‘ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟರೇ ಕೆಲಸ’

1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ನೋಂದಾಯಿತ ಏಜೆಂಟರು ಮಾತ್ರ ವಿದೇಶದ ಕೆಲಸಕ್ಕೆ ಜನರನ್ನು ಕಳಿಸಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಅಪ್ಪನ ಎರಡೆಕರೆ ಹೊಲ ಅಡವಿಡುವ ಮೊದಲು ಈ ಒಂದು ಕೆಲಸ ಮಾಡಿ.

ಓದಿದವರಿಗೆ ತಿಳಿಯದ ಇನ್ನೊಂದು ಸಂಗತಿ ಇದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದಿರುತ್ತದೆ. ಅವರು ಕೊಲ್ಲಿ ದೇಶಗಳೂ ಸೇರಿದ 18 ದೇಶಗಳಿಗೆ ದುಡಿಯಲು ಹೊರಟರೆ ಎಮಿಗ್ರೇಷನ್ ಅನುಮತಿ ಬೇಕು, ಆಗ ಅವರ ಕರಾರು ಪತ್ರವನ್ನು ಸರ್ಕಾರ ನೋಡುತ್ತದೆ. ಪದವೀಧರ ಶಿಕ್ಷಕರಿಗೆ ಆ ಅನುಮತಿ ಬೇಡ. ಅನುಕೂಲವೆಂದು ಖುಷಿಪಡುತ್ತೇವೆ, ಆದರೆ ನಮ್ಮ ಕರಾರನ್ನು ನಮ್ಮ ಪರವಾಗಿ ಓದುವವರೂ ಯಾರೂ ಇಲ್ಲವೆಂದೇ ಅದರ ಅರ್ಥ. ಸಂಬಳ, ವಾರದ ಪೀರಿಯಡ್‌ಗಳು, ವಸತಿ, ರಜೆಯ ಟಿಕೆಟ್, ಕೆಲಸ ಬಿಡುವ ಷರತ್ತು, ಇವಿಷ್ಟನ್ನೂ ಸಹಿಗೆ ಮುಂಚೆ ನಾವೇ ಓದಿಕೊಳ್ಳಬೇಕು.

‘ಕಾಗದಪತ್ರ ಏನು ಮಹಾ, ವಾರದಲ್ಲಿ ಆಗುತ್ತೆ’

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಕಪಟ್ಟಿಯಲ್ಲಿ ‘ಕೆ. ಎಂ. ಕೊಟ್ರೇಶ್’, ಆಧಾರ್‌ನಲ್ಲಿ ‘ಕೊಟ್ರೇಶ’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಸೇರಿದ ಉದ್ದದ ಹೆಸರು. ಇವೆಲ್ಲ ಒಬ್ಬನೇ ಎಂದು ವಿಯೆಟ್ನಾಂನ ಹನೋಯಿಯ ಕಚೇರಿಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಹರಪನಹಳ್ಳಿಯವರ ಪಾಡು ಇನ್ನೂ ಕಷ್ಟ. ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಿಂದ ವಿಜಯನಗರ. ಮನೆ ಬದಲಿಸದೆಯೇ ದಾಖಲೆಗಳಲ್ಲಿ ಮೂರು ಜಿಲ್ಲೆಯವರಾಗಿದ್ದಾರೆ.

ಪದವಿಗೆ ಅಂಕಪಟ್ಟಿ ಸಾಲದು, ಘಟಿಕೋತ್ಸವ ಪ್ರಮಾಣ ಪತ್ರ ಬೇಕು. ಬಳ್ಳಾರಿಯ ವಿಶ್ವವಿದ್ಯಾಲಯ ಆರಂಭವಾದದ್ದು 2010ರಲ್ಲಿ. ಅದಕ್ಕೆ ಮುಂಚೆ ಗುಲ್ಬರ್ಗ ವಿಶ್ವವಿದ್ಯಾಲಯದಡಿ ಓದಿದವರು ಕಲಬುರಗಿಗೇ ಹೋಗಬೇಕು. ಆಮೇಲೆ ರಾಜ್ಯದ ದೃಢೀಕರಣ, ನಂತರ ದಾಖಲೆ ಅಸಲಿಯೆಂದು ಹೊರದೇಶಕ್ಕೆ ತಿಳಿಸುವ ವಿದೇಶಾಂಗ ಸಚಿವಾಲಯದ ‘ಅಪೊಸ್ಟಿಲ್’ ಮುದ್ರೆ. ಅಪೊಸ್ಟಿಲ್ ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮೊಹರು. ಜೊತೆಗೆ ಪೊಲೀಸ್ ಪ್ರಮಾಣ ಪತ್ರ. ಇದಕ್ಕೆ ತಿಂಗಳುಗಳೇ ಬೇಕು.

ಅತಿಥಿ ಶಿಕ್ಷಕರಿಗೊಂದು ಮಾತು: ಮಾರ್ಚ್ ಕೊನೆಗೆ ಶಾಲೆ ಬಿಡುವಾಗ ಅನುಭವ ಪ್ರಮಾಣ ಪತ್ರ ಕೇಳಿ ಪಡೆಯಿರಿ. ಲೆಟರ್‌ಹೆಡ್, ತಾರೀಖು, ಕಲಿಸಿದ ತರಗತಿ, ಮುಖ್ಯೋಪಾಧ್ಯಾಯರ ಸಹಿ, ಮೊಹರು ಎಲ್ಲ ಇರಲಿ. ನಾಲ್ಕು ವರ್ಷ ಕಲಿಸಿಯೂ ಒಂದು ಹಾಳೆ ಇಲ್ಲದೆ ಕೈಕಟ್ಟಿ ನಿಂತವರನ್ನು ನೋಡಿದ್ದೇನೆ.

‘ಕನ್ನಡ ಮಾಧ್ಯಮದವರಿಗೆ ಇದು ಆಗದ ಮಾತು’

ಒಂದು ಕಡೆ ನಿಜವಾಗಿಯೂ ಅಡ್ಡಿಯಿದೆ. ಜಪಾನಿನಲ್ಲಿ ಮಾತೃಭಾಷೆಯಲ್ಲದ ಭಾಷೆಯನ್ನು ಕಲಿಸುವ ವೀಸಾಕ್ಕೆ ಆ ಭಾಷೆಯಲ್ಲೇ 12 ವರ್ಷ ಓದಿರಬೇಕೆಂಬ ನಿಯಮವಿದೆ. ಥಾಯ್ಲೆಂಡ್ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತದೆ. ಅದನ್ನು ಯಾರಾದರೂ ಓದಿ ಗಳಿಸಬಹುದು.

ಆದರೆ ತರಗತಿಯೊಳಗೆ ಲೆಕ್ಕ ಬೇರೆ. ಐದನೇ ತರಗತಿಯಲ್ಲಿ ‘ದಿ’ ಎಲ್ಲಿ ಹಾಕಬೇಕೆಂದು ತಿಳಿಯದೆ ಒದ್ದಾಡಿದವರಿಗೆ ವಿಯೆಟ್ನಾಂ ಮಗು ಎಲ್ಲಿ ತಡವರಿಸುತ್ತದೆಂದು ಬೇಗ ತಿಳಿಯುತ್ತದೆ. ಹಾಗೆ ತಡವರಿಸುವವರಿಗೆ ಕಲಿಸುವ ದಾರಿಯನ್ನು ನಮ್ಮ ಕಡೆಯೇ ಹುಡುಕಿದ್ದೂ ಇದೆ: 1979ರಿಂದ 1984ರವರೆಗೆ ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಬಾಯಿಪಾಠ ಮಾಡಿಸದೆ, ನಕ್ಷೆ, ರೈಲಿನ ವೇಳಾಪಟ್ಟಿಗಳನ್ನು ಮಕ್ಕಳ ಮುಂದಿಟ್ಟು ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸಲು ಹೇಳಿದರು. ಜಗತ್ತಿನ ಭಾಷಾ ಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಟೆಫಲ್ ಕೋರ್ಸುಗಳಲ್ಲಿ ಇಂದು ಹೇಳಿಕೊಡುವ ಚಟುವಟಿಕೆ ಆಧಾರಿತ ಪಾಠದ ಬೇರುಗಳಲ್ಲಿ ಒಂದು ಇಲ್ಲಿದೆ.

ಹಾಗಾಗಿ ಸಂದರ್ಶನದಲ್ಲಿ ಡೆಮೊ ಪಾಠ ಕೇಳಿದರೆ ಇಂಗ್ಲೆಂಡಿನ ಟ್ಯೂಬ್ ರೈಲು ಹುಡುಕಬೇಕಿಲ್ಲ. ಹೊಸಪೇಟೆ–ಹರಿಹರ ರೈಲಿನ ವೇಳಾಪಟ್ಟಿ ಬೋರ್ಡಿನ ಮೇಲೆ ಬರೆಯಿರಿ. ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿದ ಅಜ್ಜಿ ಕೊಟ್ಟೂರಿನಲ್ಲಿ ಇಳಿಯಲು ಎಷ್ಟು ನಿಮಿಷ, ಅಲ್ಲಿಂದ ಹರಪನಹಳ್ಳಿಗೆ ಎಷ್ಟು ನಿಮಿಷ ಎಂದು ಇಂಗ್ಲಿಷಿನಲ್ಲಿ ಕೇಳಿ, ಮಕ್ಕಳು ಲೆಕ್ಕ ಹಾಕುವವರೆಗೂ ಸುಮ್ಮನೆ ಕಾಯಿರಿ.