ಕುಂಡದ ಆರ್ಕಿಡ್‌ಗೂ ಕೊಳೆರೋಗ!

ಮಳೆ ಹಿಡಿದರೆ ನಮ್ಮ ಬಾಡ, ಕುಮಟಾ ಕಡೆ ಅಡಿಕೆ ಕೊಳೆಯದ್ದೇ ಮಾತು. ಅದಕ್ಕೆ ಕಾರಣವಾದ ಫೈಟಾಫ್ಥೊರಾ ಕುಲದ ಜೀವಿಗಳೇ ಎಷ್ಟೋ ಸಲ ಆರ್ಕಿಡ್ ಕಪ್ಪಾಗಿ ಕೊಳೆಯೋದಕ್ಕೂ ಕಾರಣ.

ಬೆಂಗಳೂರಲ್ಲಿರೋ ನನ್ನ ನಾದಿನಿ ತವರಿಂದ ಒಯ್ದ ಗಿಡದ ಫೋಟೋ ಕಳಿಸಿದ್ದಳು. "ಅತ್ತಿಗೆ, ಎಲೆ ಬಾಡಿದೆ, ಇನ್ನಷ್ಟು ನೀರು ಹಾಕ್ಲಾ?" ಬೇಡವೇ ಬೇಡ ಅಂದೆ. ಬೇರು ಕೊಳೆತರೂ ಎಲೆ ಬಾಡುತ್ತೆ. ಬಾಯಾರಿಕೆ ಅಂತ ನೀರು ಹೊಯ್ದರೆ ಗಿಡ ಹೋಗೇಬಿಡುತ್ತೆ.

ಮೊದಲು ಕುಂಡದಿಂದ ತೆಗೆದು ಬೇರು ಮುಟ್ಟಿ ನೋಡಿ. ಗಟ್ಟಿಯಾಗಿ, ಬಿಳಿ ಅಥವಾ ಹಸಿರಾಗಿದ್ದರೆ ಜೀವ ಇದೆ. ಕಂದಾಗಿ ಮೆತ್ತಗಾಗಿ, ಎಳೆದರೆ ಸಿಪ್ಪೆ ಕಳಚಿ ದಾರದಂಥ ನಾರು ಉಳಿದರೆ ಕೊಳೆತಿದೆ. ಎಲೆಯ ಮೇಲೆ ನೀರುನೀರಾದ ಕಲೆ, ಜೊತೆಗೆ ಕೆಟ್ಟ ವಾಸನೆ ಇದ್ದರೆ ಬ್ಯಾಕ್ಟೀರಿಯಾ ಇರಬಹುದು.

ಬ್ಲೇಡನ್ನು ಬೆಂಕಿಗೆ ಹಿಡಿದು, ಆರಿದ ಮೇಲೆ ಕೊಳೆತದ್ದನ್ನೆಲ್ಲ ಕತ್ತರಿಸಿ. ಗಾಯಕ್ಕಷ್ಟೇ ದಾಲ್ಚಿನ್ನಿ ಪುಡಿ ಹಚ್ಚಿ. ಒಳ್ಳೆ ಬೇರಿಗೆ ತಾಗಿದರೆ ಅದೂ ಒಣಗುತ್ತೆ. ಹಳೇ ಮಿಶ್ರಣ ಬಿಸಾಡಿ, ಇದ್ದಿಲು, ಇಟ್ಟಿಗೆ ಚೂರು ತುಂಬಿ ನೆಡಿ. ಕೆಲವು ದಿನ ನೀರು ಬೇಡ.

ತೋಟದ ಬೋರ್ಡೋ ದ್ರಾವಣ ಉಳಿದಿದೆ ಅಂತ ಡೆಂಡ್ರೋಬಿಯಂಗೆ ಹೊಡೀಬೇಡಿ, ತಾಮ್ರ ಅದಕ್ಕೆ ಆಗಿಬರಲ್ಲ.

ನಮ್ಮ ಕಾಡಿನ ಸೀತಾಳೆ ದಂಡೆ ಮಳೆಗಾಲವಿಡೀ ನೆನೆಯುತ್ತೆ. ಆದರೆ ಮರದ ತೊಗಟೆ ಮೇಲಿನ ಬೇರಿಗೆ ಗಾಳಿ ಆಡುತ್ತೆ, ಮಳೆ ಬಿಟ್ಟ ಕೂಡ್ಲೇ ಒಣಗುತ್ತೆ. ಕುಂಡದ ಗಿಡಕ್ಕೂ ಬೇಕಾದ್ದು ಇಷ್ಟೇ. ಬೆಳಿಗ್ಗೆ ನೀರು ಹಾಕಿ, ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸಿ.

ನಾದಿನಿಯ ಗಿಡದಲ್ಲಿ ಉಳಿದದ್ದು ಮೂರೇ ಬೇರು. ಈಗ ಹೊಸ ಎಲೆ ಬಂದಿದೆ.