ಹೆಬ್ಬೆರಳೇ ಮದ್ದು

ಬ್ಯಾಂಕಾಕಿನ ವಾಟ್ ಫೋ ದೇವಾಲಯವೆಂದರೆ ಪ್ರವಾಸಿಗರಿಗೆ 46 ಮೀಟರ್ ಉದ್ದದ ಮಲಗಿದ ಬುದ್ಧ. ಅದೇ ಆವರಣದ ಮಂಟಪಗಳಲ್ಲಿ ಇನ್ನೊಂದು ಸಂಪತ್ತಿದೆ. ಮನುಷ್ಯನ ಆಕೃತಿ, ಮೈತುಂಬ ಗೆರೆ, ಗೆರೆಗಳ ಮೇಲೆ ಚುಕ್ಕಿ, ಎಲ್ಲಿ ಒತ್ತಿದರೆ ಯಾವ ಬೇನೆಗೆ ಎಂಬ ಬರಹ: ಇಂಥ 60 ಚಿತ್ರಗಳು ಅಲ್ಲಿ ಕಲ್ಲಿನಲ್ಲಿವೆ. ವೈದ್ಯರ ಬಳಿ ಉಳಿದಿದ್ದ ತಿಳಿವಳಿಕೆ ಕಳೆದುಹೋಗದೆ ಎಲ್ಲರಿಗೂ ದಕ್ಕಲೆಂದು 1830ರ ದಶಕದಲ್ಲಿ ದೊರೆ ಮೂರನೆಯ ರಾಮ ಇವನ್ನು ಕೆತ್ತಿಸಿದ. ವಿದ್ಯೆಯನ್ನು ಹೀಗೆ ಗೋಡೆಗೇರಿಸಿದ ಆ ಔದಾರ್ಯಕ್ಕೆ ಕೈಮುಗಿಯಬೇಕು.

ಆ ಚಿತ್ರಗಳ ವಿದ್ಯೆಯಾದ ಥಾಯ್ ಮಸಾಜ್‌ನಲ್ಲಿ ಎರಡು ದಾರಿ. ಹಳ್ಳಿಯ ಪದ್ಧತಿಯಲ್ಲಿ ಮೊಣಕೈ, ಮೊಣಕಾಲು, ಪಾದ ಎಲ್ಲವೂ ದುಡಿಯುತ್ತವೆ. ಮೈಯನ್ನು ಎಳೆದು ಬಾಗಿಸುವುದೂ ಉಂಟು. ಅರಮನೆಯ ಪದ್ಧತಿಯಲ್ಲಿ ಕೈ, ಅದರಲ್ಲೂ ಹೆಬ್ಬೆರಳು ಮಾತ್ರ. ಅರಸರ ಮೈ ಮುಟ್ಟುವ ಮರ್ಯಾದೆಯಿಂದ ಹುಟ್ಟಿದ ಈ ಸಂಯಮವೇ ತಲೆನೋವಿಗೆ ಒದಗಿಬಂದಿದೆ.

ತಲೆನೋವೆಂದು ಬಂದವರ ತಲೆಯನ್ನು ಅರಮನೆ ಪದ್ಧತಿಯವರು ಮೊದಲು ಮುಟ್ಟುವುದಿಲ್ಲ. ಎಣ್ಣೆ ಇಲ್ಲ, ಬಟ್ಟೆ ಕಳಚುವುದೂ ಇಲ್ಲ. ಭುಜದ ಮೇಲಿನ ಗಟ್ಟಿ ಸ್ನಾಯುವಿನಿಂದ ಶುರು. ತೋಳನ್ನು ನೆಟ್ಟಗಿಟ್ಟು, ಮೈಯ ಭಾರವನ್ನು ನಿಧಾನವಾಗಿ ಹೆಬ್ಬೆರಳಿಗಿಳಿಸಿ, ಒಂದೆರಡು ಉಸಿರಿನಷ್ಟು ಹೊತ್ತು ತಡೆದು, ಅಷ್ಟೇ ನಿಧಾನವಾಗಿ ಬಿಡುತ್ತಾರೆ. ಅಲ್ಲಿಂದ ಬೆನ್ನುಮೂಳೆಯ ಎರಡೂ ಬದಿ ಹಿಡಿದು ಕತ್ತಿನ ಮೇಲಕ್ಕೆ, ಹೆಡತಲೆಯ ಕೆಳಗಿನ ಕುಳಿಗೆ, ಕೊನೆಗೆ ಕಣತಲೆ, ಹುಬ್ಬು. ಹೊತ್ತುಗಟ್ಟಲೆ ಕಂಪ್ಯೂಟರ್ ಮುಂದೆ ಬಗ್ಗಿ ಕೂತವರಿಗೆ ತಲೆಗೆ ಪಟ್ಟಿ ಕಟ್ಟಿ ಬಿಗಿದಂತೆ ಬರುವ ನೋವಿದೆಯಲ್ಲ, ಅದರಲ್ಲಿ ಸೆಟೆದ ಕತ್ತು-ಭುಜಗಳ ಪಾಲು ದೊಡ್ಡದು. ಹಾಗಾಗಿ ಈ ಕ್ರಮಕ್ಕೆ ಅರ್ಥವಿದೆ. ಇಂಥ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆಯ ಜೊತೆಗೆ ಅರಮನೆ ಪದ್ಧತಿಯನ್ನು ಹೋಲಿಸಿ ಥಾಯ್ಲೆಂಡಿನ ಸಂಶೋಧಕರು ಪರೀಕ್ಷಿಸಿದ್ದಾರೆ. ನೋವು ತಗ್ಗಿದ್ದು ಕಂಡಿದೆ. ಆದರೆ ಅದು ಸಣ್ಣ ಅಧ್ಯಯನ, ಅದನ್ನೇ ಕೊನೆಯ ಮಾತೆನ್ನಲಾಗದು.

ಈ ವಿದ್ಯೆಯ ಗುರುವೆಂದು ಥಾಯ್ ಜನ ನಂಬುವವನು ನಮ್ಮ ಕಡೆಯವನೇ: ಮಗಧದ ಬಿಂಬಿಸಾರನ ವೈದ್ಯ ಜೀವಕ. ಅವನನ್ನು ನೆನೆದು ಕೈಮುಗಿದೇ ಕೆಲಸಕ್ಕೆ ಕೂರುವ ರೂಢಿ ಅಲ್ಲಿದೆ. ಪಾಳಿಯ ವಿನಯಪಿಟಕ ಹೇಳುವಂತೆ, ತಕ್ಷಶಿಲೆಯಲ್ಲಿ ಓದು ಮುಗಿಸಿ ಊರಿಗೆ ಮರಳುವಾಗ ಜೀವಕ ವಾಸಿಮಾಡಿದ ಮೊದಲ ಕಾಯಿಲೆಯೇ ತಲೆನೋವು. ಸಾಕೇತದ ಸೆಟ್ಟಿಯೊಬ್ಬನ ಹೆಂಡತಿ ಏಳು ವರ್ಷದಿಂದ ನರಳುತ್ತಿದ್ದಳು. ಔಷಧಿ ಹಾಕಿ ಕಾಯಿಸಿದ ತುಪ್ಪವನ್ನು ಮೂಗಿಗೆ ಬಿಟ್ಟು ಗುಣಪಡಿಸಿದನಂತೆ. ಒತ್ತುವ ಗೆರೆಗಳಲ್ಲಿ ಎರಡಕ್ಕೆ ಇಡಾ, ಪಿಂಗಳಾ ಎಂಬ ನಮ್ಮ ಯೋಗದ ಹೆಸರುಗಳೇ ನಿಂತಿವೆ.

ವಾಟ್ ಫೋ ಆವರಣದಲ್ಲಿ 1955ರಿಂದ ಸಾಂಪ್ರದಾಯಿಕ ವೈದ್ಯದ ಶಾಲೆಯಿದೆ. 2019ರಲ್ಲಿ ಯುನೆಸ್ಕೊ ಈ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಥಾಯ್ ಹೆಸರಿನ ಸ್ಪಾಗಳು ನಮ್ಮ ಊರುಗಳಲ್ಲೂ ಇವೆ. ಹೋಗುವವರು ಕಲಿತ ಕೈಯನ್ನೇ ಹುಡುಕಬೇಕು. ಕೆಲವು ಸಲೂನುಗಳಲ್ಲಿ ಮಾಡುವಂತೆ ಕತ್ತನ್ನು ಲಟಕ್ಕನೆ ತಿರುಗಿಸಿ ನೆಟಿಗೆ ತೆಗೆಯಲು ಬಂದರೆ ಬೇಡವೆನ್ನಿ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗುವ ಅಪಾಯವಿದೆ. ಹಿಡಿತಕ್ಕೆ ಬಾರದ ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕೇಳಲಿ. ಹಠಾತ್ತನೆ ಸಿಡಿದಂತೆ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿಯುವುದು, ಮಾತು ತೊದಲುವುದು ಕಂಡರೆ ಮಸಾಜಿನ ಯೋಚನೆ ಬಿಟ್ಟು ನೇರ ಆಸ್ಪತ್ರೆಗೆ ಹೊರಡಬೇಕು.